ಬಿಸಿಲೂರಿನ ಮಾಳಿಗೆಯ ಮೇಲೆ ದುಂಡುಮಲ್ಲಿಗೆ

ಬಳ್ಳಾರಿ, ರಾಯಚೂರು, ಕೊಪ್ಪಳದ ಮನೆಗಳ ಮಾಳಿಗೆಯ ಮೇಲೆ ಮಲ್ಲಿಗೆ ಗಿಡ ಒಣಗಿದರೆ ಎಲ್ಲರೂ ದೂರುವುದು ಬಿಸಿಲನ್ನು. ಆದರೆ ದುಂಡುಮಲ್ಲಿಗೆ ಬಿಸಿಲನ್ನು ಬೇಡುವ ಗಿಡ; ದಿನಕ್ಕೆ ಆರು ತಾಸಾದರೂ ನೇರ ಬಿಸಿಲು ಬೀಳದಿದ್ದರೆ ಎಲೆ ತುಂಬಿಕೊಂಡು ನಿಲ್ಲುತ್ತದೆಯೇ ಹೊರತು ಮೊಗ್ಗು ಕಟ್ಟುವುದಿಲ್ಲ. ನಮ್ಮ ಭಾಗದಲ್ಲಿ ಅದನ್ನು ಹೆಚ್ಚಾಗಿ ಕೆಡಿಸುವುದು ಕುಂಡದೊಳಗಿನ ಮಣ್ಣು ಮತ್ತು ಬೋರಿನ ನೀರು.

ಹೊಲದ ಕಪ್ಪು ಎರೆ ಮಣ್ಣನ್ನು ಕುಂಡಕ್ಕೆ ತುಂಬಬಾರದು. ನೆನೆದಾಗ ಅದು ಅಂಟಾಗಿ ನೀರನ್ನು ಬಸಿಯಗೊಡುವುದಿಲ್ಲ, ಒಣಗಿದಾಗ ಬಿರುಕುಬಿಟ್ಟು ಬೇರನ್ನು ಹರಿಯುತ್ತದೆ. ಎರಡು ಪಾಲು ಮಸಾರಿ ಕೆಂಪು ಮಣ್ಣಿಗೆ ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ಮರಳು, ಒಂದು ಹಿಡಿ ಬೇವಿನ ಹಿಂಡಿ ಸೇರಿಸಬೇಕು. ಗಂಗಾವತಿ, ಸಿಂಧನೂರು, ಸಿರುಗುಪ್ಪದ ಕಡೆಯವರು ಮರಳಿನ ಅರ್ಧಭಾಗಕ್ಕೆ ಬದಲಾಗಿ ಅಕ್ಕಿ ಗಿರಣಿಯ ಭತ್ತದ ಹೊಟ್ಟನ್ನು ಬಳಸಬಹುದು. ಹೊಟ್ಟಿನ ಬೂದಿ ಮಾತ್ರ ಬೇಡ, ಅದು ಮಣ್ಣಿನ ಕ್ಷಾರವನ್ನು ಹೆಚ್ಚಿಸುತ್ತದೆ. ಕುಂಡ 12ರಿಂದ 14 ಇಂಚು ಅಗಲದ್ದಿರಲಿ, ಮಣ್ಣಿನದ್ದಾದರೆ ಉತ್ತಮ. ಕಾದ ಮಾಳಿಗೆಯ ಝಳ ಬೇರಿಗೆ ತಟ್ಟದಂತೆ, ತಳದ ತೂತೂ ಮುಚ್ಚದಂತೆ, ಅದನ್ನು ಇಟ್ಟಿಗೆಗಳ ಮೇಲೆ ಇಡಬೇಕು.

ಸಸಿ ನೆಡಲು ಮುಂಗಾರು ಸೂಕ್ತ ಕಾಲ. ನೆಟ್ಟ ಮೇಲೆ ಎರಡು ವಾರ ಅರೆನೆರಳಿನಲ್ಲಿಟ್ಟು, ಅನಂತರ ಬಿಸಿಲಿಗೆ ಸರಿಸಬೇಕು.

ಏಪ್ರಿಲ್–ಮೇ ತಿಂಗಳಲ್ಲಿ ತಾಪಮಾನ 40 ಡಿಗ್ರಿ ದಾಟುವಾಗ ಬೆಳಿಗ್ಗೆ ಬೇಗನೆ ತಳದಿಂದ ನೀರು ಬಸಿಯುವಷ್ಟು ಹಾಕಿ, ಸಂಜೆ ಮೇಲ್ಮಣ್ಣನ್ನು ಮುಟ್ಟಿ ನೋಡಿ, ಒಣಗಿದ್ದರೆ ಮಾತ್ರ ಮತ್ತೆ ಹಾಕಬೇಕು. ಮಧ್ಯಾಹ್ನ ಪೈಪಿನಲ್ಲಿ ಕಾದ ನೀರನ್ನಂತೂ ಬಿಡಲೇಬಾರದು. ಬೋರಿನ ಗಡಸು ನೀರಿನಿಂದ ಮಣ್ಣಿನ ಮೇಲೆ ಬಿಳಿ ಉಪ್ಪು ಕಟ್ಟುತ್ತದೆ. ಎಳೆಯ ಎಲೆಗಳ ನರ ಮಾತ್ರ ಹಸಿರಾಗಿ ಉಳಿದು ಮಿಕ್ಕದ್ದು ಹಳದಿಯಾದರೆ, ಗಿಡಕ್ಕೆ ಕಬ್ಬಿಣದ ಅಂಶ ಸಿಗುತ್ತಿಲ್ಲವೆಂದು ತಿಳಿಯಬೇಕು. ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಕರಗಿಸಿ ಸಂಜೆ ಎಲೆಗಳಿಗೆ ಸಿಂಪಡಿಸಿದರೆ ಹಸಿರು ಮರಳುತ್ತದೆ. ಮಳೆನೀರು ಸಿಕ್ಕಾಗಲೆಲ್ಲ ಕುಂಡವನ್ನು ಧಾರಾಳವಾಗಿ ತೋಯಿಸಿ ಉಪ್ಪನ್ನು ತೊಳೆಯುವುದು ಇದಕ್ಕಿಂತ ಒಳ್ಳೆಯ ಉಪಾಯ.

ಹಲವರು ಗಿಡದ ಮೇಲಿನ ಮಮತೆಯಿಂದ ಕತ್ತರಿ ಆಡಿಸುವುದಿಲ್ಲ, ಆಮೇಲೆ ಹೂವಿಲ್ಲವೆಂದು ಕೊರಗುತ್ತಾರೆ. ದುಂಡುಮಲ್ಲಿಗೆ ಹೂ ಬಿಡುವುದು ಹೊಸ ಚಿಗುರಿನಲ್ಲಿ. ಆದುದರಿಂದ ದ್ರಾಕ್ಷಿ ತೋಟದವರು ಚಾಟ್ನಿ (ಬಳ್ಳಿಯ ರೆಂಬೆ ಕತ್ತರಿಸುವ ಕೆಲಸ) ಮಾಡುವಂತೆ ಇದನ್ನೂ ಪ್ರತಿ ವರ್ಷ ಸವರಬೇಕು. ನವೆಂಬರ್ ಕೊನೆಯಲ್ಲಿ ಕೆಲವು ದಿನ ನೀರು ಕಡಿಮೆ ಮಾಡಿ, ಒಣಗಿದ ಮತ್ತು ಸಣಕಲು ರೆಂಬೆಗಳನ್ನು ತೆಗೆದು, ಉಳಿದುದನ್ನು ಒಂದೂವರೆ ಅಡಿ ಎತ್ತರಕ್ಕೆ ಕತ್ತರಿಸಬೇಕು. ಮೇಲ್ಮಣ್ಣನ್ನು ಸಡಿಲಿಸಿ ಎರಡು ಹಿಡಿ ಎರೆಹುಳು ಗೊಬ್ಬರ ಹಾಕಿ ನೀರು ಕೊಡಲು ಆರಂಭಿಸಿದರೆ ಬೇಸಿಗೆಯ ಹೊತ್ತಿಗೆ ಮೊಗ್ಗು ಕಾಣಿಸುತ್ತದೆ. ಆಗ ಎರಡು ವಾರಕ್ಕೊಮ್ಮೆ, ನೆನೆಸಿದ ಶೇಂಗಾ ಹಿಂಡಿಯ ತಿಳಿಯನ್ನು ಹತ್ತು ಪಟ್ಟು ನೀರಿನಲ್ಲಿ ಬೆರೆಸಿ ಬುಡಕ್ಕೆ ಹಾಕಬೇಕು.

ಒಣ ಹವೆಯಲ್ಲಿ ಎಲೆಯ ಕೆಳಗೆ ನುಸಿ ಬಲೆ ಕಟ್ಟುವುದುಂಟು. ಎಲೆಯ ತಳಭಾಗಕ್ಕೆ ರಭಸವಾಗಿ ನೀರು ಚಿಮುಕಿಸಿದರೆ ಬಹುಪಾಲು ಹೋಗುತ್ತದೆ. ಮೊಗ್ಗು ನೇರಳೆ ಬಣ್ಣಕ್ಕೆ ತಿರುಗಿ ಉದುರಿದರೆ ಒಳಗೆ ಹುಳು ಸೇರಿದೆ ಎಂದರ್ಥ, ಅಂಥವನ್ನು ಕಿತ್ತು ನಾಶಮಾಡಿ, ಲೀಟರಿಗೆ 5 ಮಿಲಿ ಬೇವಿನ ಎಣ್ಣೆಯನ್ನು ತುಸು ಸೋಪಿನ ನೀರಿನೊಡನೆ ಸಿಂಪಡಿಸಬೇಕು. ಒಂದು ಸುತ್ತು ಹೂ ಮುಗಿದೊಡನೆ ಹೂ ಬಿಟ್ಟ ಚಿಗುರುಗಳ ತುದಿಯನ್ನು ಎರಡು ಇಂಚು ಚಿವುಟಿದರೆ, ಪಕ್ಕದಿಂದ ಹೊಸ ಚಿಗುರೊಡೆದು ಇನ್ನೊಂದು ಸುತ್ತಿನ ಮೊಗ್ಗು ಬರುತ್ತದೆ.