ಹಾಡಲೂ ಬರಬೇಕು, ಬರೆಯಲೂ ಬರಬೇಕು: ಹೈಸ್ಕೂಲ್ ಮಕ್ಕಳು ಸಂಗೀತ ಪರೀಕ್ಷೆಗೆ ಓದುವುದು ಹೇಗೆ?

ಜೂನ್ ತಿಂಗಳು ಬಂತೆಂದರೆ ದಾವಣಗೆರೆಯ ನಮ್ಮ ಮನೆಗೆ ಅಪ್ಪ ಅಮ್ಮಂದಿರು ಬರಲು ಶುರುವಾಗುತ್ತಾರೆ. ‘ಮೇಡಂ, ಮಗಳು ಚೆನ್ನಾಗಿ ಹಾಡ್ತಾಳೆ, ಈ ವರ್ಷ ಪರೀಕ್ಷೆ ಕಟ್ಟಿಸೋಣ್ವಾ?’ ಅಂತ ಕೇಳುತ್ತಾರೆ. ಧಾರಾಳವಾಗಿ ಕಟ್ಟಿಸಿ ಅನ್ನುತ್ತೇನೆ. ಜೊತೆಗೆ ಒಂದು ಮಾತನ್ನೂ ಹೇಳುತ್ತೇನೆ. ಚೆನ್ನಾಗಿ ಹಾಡುವ ಎಷ್ಟೋ ಮಕ್ಕಳು ಥಿಯರಿಯಲ್ಲಿ ಅಂಕ ಕಳೆದುಕೊಳ್ಳುತ್ತಾರೆ. ವರ್ಷವಿಡೀ ಹಾಡಿಕೊಂಡು, ಕೊನೆಯ ವಾರದಲ್ಲಿ ಸಮಾಜ ವಿಜ್ಞಾನದ ಹಾಗೆ ಪುಸ್ತಕ ಬಾಯಿಪಾಠ ಮಾಡುತ್ತಾರೆ. ಹಾಡಿದ್ದನ್ನು ಅವತ್ತವತ್ತೇ ಬರೆದಿಡುವ ಮಕ್ಕಳಿಗೆ ಈ ಕಷ್ಟವೇ ಇಲ್ಲ. ಆ ರೂಢಿ ಮಾಡಿಸುವುದು ಹೇಗೆ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು, ಯಾವ ಪರೀಕ್ಷೆ?

ರಾಜ್ಯ ಪಠ್ಯಕ್ರಮದಲ್ಲಿ ಓದುವ ಹೆಚ್ಚಿನ ಮಕ್ಕಳಿಗೆ ಎಸ್ಸೆಸ್ಸೆಲ್ಸಿಯ 625 ಅಂಕಗಳಲ್ಲಿ ಸಂಗೀತ ಸೇರುವುದಿಲ್ಲ. ಅವರು ಬೇರೆಯಾಗಿ ರಾಜ್ಯದ ಜೂನಿಯರ್, ಸೀನಿಯರ್ ಸಂಗೀತ ಪರೀಕ್ಷೆ ಕಟ್ಟಬಹುದು. ಹಿಂದೂಸ್ತಾನಿ ಕಲಿಯುವವರಿಗೆ ಗಾಂಧರ್ವ ಮಹಾವಿದ್ಯಾಲಯ ಮಂಡಲದ ಪ್ರಾರಂಭಿಕ್, ಪ್ರವೇಶಿಕಾ ಪರೀಕ್ಷೆಗಳೂ ಇವೆ. ಸಿಬಿಎಸ್ಇ ಶಾಲೆಯಾದರೆ ಒಂಬತ್ತು, ಹತ್ತನೇ ತರಗತಿಯಲ್ಲಿ ಸಂಗೀತವನ್ನೇ ಒಂದು ವಿಷಯವಾಗಿ ತೆಗೆದುಕೊಳ್ಳಬಹುದು. ಆದರೆ ನಿಮ್ಮ ಶಾಲೆ ಅದನ್ನು ಕೊಡುತ್ತದೆಯೇ ಅಂತ ಮೊದಲೇ ಕೇಳಿ. ಯಾವ ಪರೀಕ್ಷೆಯೇ ಆಗಲಿ, ಆ ವರ್ಷದ ಪಠ್ಯಕ್ರಮದ ಹಾಳೆಯನ್ನು ತಂದು ಗೋಡೆಗೆ ಅಂಟಿಸಿ. ಮುಗಿದ ರಾಗಕ್ಕೆ ಗೆರೆ ಎಳೆಯುವುದು ಮಕ್ಕಳಿಗೆ ಬಲು ಖುಷಿ.

ನಮ್ಮದು ಎರಡೂ ಪದ್ಧತಿ ಕೂಡುವ ಸೀಮೆ. ಗದಗ, ಧಾರವಾಡದ ಕಡೆಯಿಂದ ಹಿಂದೂಸ್ತಾನಿ ಬಂದಿದೆ, ಮೈಸೂರಿನ ಕಡೆಯಿಂದ ಕರ್ನಾಟಕ ಸಂಗೀತ ಬಂದಿದೆ. ಒಂದೇ ಮನೆಯಲ್ಲಿ ಅಕ್ಕ ಒಂದು, ತಮ್ಮ ಒಂದು ಕಲಿಯುವುದೂ ಉಂಟು. ಯಾವುದು ಹೆಚ್ಚು, ಯಾವುದು ಕಡಿಮೆ ಅಂತಿಲ್ಲ. ಹತ್ತಿರದಲ್ಲಿ ಒಳ್ಳೆಯ ಗುರುಗಳು ಯಾವುದನ್ನು ಕಲಿಸುತ್ತಾರೋ ಅದನ್ನೇ ಹಿಡಿಯಿರಿ. ಪರೀಕ್ಷೆ ಮುಗಿಯುವವರೆಗೆ ಬದಲಾಯಿಸಬೇಡಿ.

ಶ್ರುತಿ ಗೊತ್ತು ಮಾಡಿಕೊಳ್ಳಿ

ಶ್ರುತಿ ಅಂದರೆ ಹಾಡುವಾಗ ‘ಸಾ’ ಇಟ್ಟುಕೊಳ್ಳುವ ಎತ್ತರ. ಹಿಂದೂಸ್ತಾನಿಯವರು ‘ಕರಿ ನಾಲ್ಕು’ ಅನ್ನುವುದನ್ನೇ ಕರ್ನಾಟಕ ಸಂಗೀತದವರು ‘ಐದೂವರೆ ಮನೆ’ ಅನ್ನುತ್ತಾರೆ. ಎರಡೂ ಒಂದೇ ಶ್ರುತಿ. ನಿಮ್ಮ ಮಗುವಿನ ಶ್ರುತಿ ಯಾವುದು ಅಂತ ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆಸಿ.

ಗಂಡು ಮಕ್ಕಳ ವಿಷಯದಲ್ಲಿ ಸ್ವಲ್ಪ ತಾಳ್ಮೆ ಬೇಕು. ಎಂಟರಿಂದ ಹತ್ತನೇ ತರಗತಿಯ ಒಳಗೆ ಹೆಚ್ಚಿನವರ ದನಿ ಒಡೆಯುತ್ತದೆ. ನಿನ್ನೆ ಸಲೀಸಾಗಿ ಮುಟ್ಟಿದ ತಾರ ಸಾ (ಮೇಲಿನ ಸಾ) ಇವತ್ತು ಸಿಗುವುದಿಲ್ಲ. ಹುಡುಗ ನಾಚಿಕೊಂಡು ಕ್ಲಾಸ್ ಬಿಟ್ಟೇ ಬಿಡುತ್ತಾನೆ. ಹೀಗೆ ಬಿಟ್ಟುಹೋದ ಒಳ್ಳೆಯ ಹುಡುಗರನ್ನು ನೆನೆಸಿಕೊಂಡರೆ ನನಗೆ ಈಗಲೂ ಸಂಕಟವಾಗುತ್ತದೆ. ದನಿ ಕೆಟ್ಟಿಲ್ಲ, ಬೆಳೆಯುತ್ತಿದೆ ಅಂತ ಅವನಿಗೆ ಬಿಡಿಸಿ ಹೇಳಿ. ಶ್ರುತಿ ಇಳಿಸಿ, ಮಂದ್ರದಲ್ಲಿ (ಕೆಳಗಿನ ಸ್ವರಗಳಲ್ಲಿ) ಮೆಲ್ಲಗೆ ಹಾಡಿಸಿ, ಕಿರುಚಿಸಬೇಡಿ. ಬೇಕಾದರೆ ಪರೀಕ್ಷೆಯನ್ನು ಒಂದು ವರ್ಷ ಮುಂದಕ್ಕೆ ಹಾಕಿ, ನಷ್ಟವೇನಿಲ್ಲ.

ಹಾರ್ಮೋನಿಯಂ ಪಕ್ಕಕ್ಕಿಡಿ

ಹೋದ ವರ್ಷ ಒಂಬತ್ತನೇ ತರಗತಿಯ ಒಬ್ಬ ಹುಡುಗಿ ‘ಯಮನ್ ರಾಗದಲ್ಲಿ ಮಧ್ಯಮ ತೀವ್ರ’ ಅಂತ ಅಂದವಾಗಿ ಬರೆದು ತೋರಿಸಿದಳು. ಹಾರ್ಮೋನಿಯಂ ಮುಚ್ಚಿ, ಬರೀ ತಂಬೂರಿಗೆ ಹಾಡು ಅಂದೆ. ಗಾ ಆದ ಮೇಲೆ ಅವಳ ಬಾಯಿಂದ ಬಂದದ್ದು ಶುದ್ಧ ಮಧ್ಯಮ, ಅಂದರೆ ತೀವ್ರಕ್ಕಿಂತ ಕೆಳಗಿನ ಮ. ಅಷ್ಟು ದಿನ ಅವಳ ಬೆರಳಿಗೆ ತೀವ್ರ ಮಧ್ಯಮ ಗೊತ್ತಿತ್ತು, ಕಿವಿಗೆ ಗೊತ್ತಿರಲಿಲ್ಲ. ಹದಿನೈದು ದಿನ ‘ಗ ಮ ಪ’ ಮೂರನ್ನೇ ಹಾಡಿಸಿದೆ. ತೀವ್ರ ಮಧ್ಯಮ ಪಂಚಮದ ಹೊಸ್ತಿಲಲ್ಲೇ ನಿಂತಿರುತ್ತದೆ ಅಂತ ಅವಳಿಗೆ ತಾನಾಗಿಯೇ ಗೊತ್ತಾಯಿತು. ದಿನಕ್ಕೆ ಅರ್ಧ ಗಂಟೆಯಾದರೂ ಬರೀ ತಂಬೂರಿಗೆ ಹಾಡಿಸಿ. ತಂಬೂರಿ ಇಲ್ಲದಿದ್ದರೆ ಮೊಬೈಲಿನ ತಂಬೂರಿ ಆ್ಯಪ್ ಸಾಕು.

ತಾಳ ಬರೆಯುವ ಪುಟ

ಅಂಕ ಜಾಸ್ತಿ ಸೋರುವುದು ತಾಳದಲ್ಲೇ, ಹಾಗಾಗಿ ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಹಿಂದೂಸ್ತಾನಿಯ ತೀನ್‌ತಾಲ್ ತೆಗೆದುಕೊಳ್ಳಿ, ಅದಕ್ಕೆ 16 ಮಾತ್ರೆ (ಎಣಿಕೆ). ಗೆರೆ ಇರುವ ನೋಟ್‌ಬುಕ್ಕನ್ನು ಅಡ್ಡ ತಿರುಗಿಸಿ, 1ರಿಂದ 16ರವರೆಗೆ ಒಂದೇ ಸಾಲಿನಲ್ಲಿ ಬರೆಯಿರಿ. ನಾಲ್ಕು ನಾಲ್ಕು ಮಾತ್ರೆಗೆ ಉದ್ದ ಗೆರೆ ಎಳೆಯಿರಿ. ಕೆಳಗಿನ ಸಾಲಿನಲ್ಲಿ ಬೋಲ್ (ತಬಲಾದ ನುಡಿ) ಬರೆಯಿರಿ. ಧಾ ಧಿಂ ಧಿಂ ಧಾ, ಧಾ ಧಿಂ ಧಿಂ ಧಾ, ಧಾ ತಿಂ ತಿಂ ತಾ, ತಾ ಧಿಂ ಧಿಂ ಧಾ. ಅದರ ಕೆಳಗೆ ಚಿಹ್ನೆ. ಹಿಂದೂಸ್ತಾನಿಯಲ್ಲಿ ತಾಳ ಬರೆಯಲು ಎರಡು ಪದ್ಧತಿ ಇವೆ. ಭಾತಖಂಡೆ ಪದ್ಧತಿಯಲ್ಲಿ 1ನೇ ಮಾತ್ರೆಗೆ ಗುಣಾಕಾರದ ಗುರುತು, 5ಕ್ಕೆ 2, 9ಕ್ಕೆ ಸೊನ್ನೆ, 13ಕ್ಕೆ 3.

ಮಕ್ಕಳು ಎಡವುವುದು ಎರಡು ಕಡೆ. 9ನೇ ಮಾತ್ರೆ ಖಾಲಿ (ಚಪ್ಪಾಳೆ ಇಲ್ಲದ ಜಾಗ) ಅಲ್ವಾ ಅಂತ ಅಲ್ಲಿ ‘ತಾ’ ಬರೆಯುತ್ತಾರೆ, ಅಲ್ಲಿರುವುದು ‘ಧಾ’. 13ರಲ್ಲಿ ‘ಧಾ’ ಬರೆಯುತ್ತಾರೆ, ಅಲ್ಲಿರುವುದು ‘ತಾ’. ಇದನ್ನು ಕಣ್ಣಿನಿಂದ ನೆನಪಿಡಲು ಹೋಗಬೇಡಿ. ಕೈಯಲ್ಲಿ ತಾಳ ಹಾಕುತ್ತಾ ಬಾಯಲ್ಲಿ ಬೋಲ್ ಹೇಳಿ, ಆಮೇಲೆ ಪೆನ್ನು ಹಿಡಿಯಿರಿ. ಕೈ ತಪ್ಪಿದ ಕಡೆ ಪೆನ್ನೂ ತಪ್ಪುತ್ತದೆ, ಅಲ್ಲೇ ತಿದ್ದಿಕೊಳ್ಳಿ. ದುಗುನ್ (ಎರಡು ಪಟ್ಟು ವೇಗ) ಬರೆಯುವಾಗ ಒಂದು ಮಾತ್ರೆಗೆ ಎರಡು ಬೋಲ್ ಹಾಕಿ ಕೆಳಗೆ ಕಮಾನು ಎಳೆಯಬೇಕು. ಒಂದು ಆವರ್ತನದ (ತಾಳದ ಪೂರ್ತಿ ಸುತ್ತಿನ) ದುಗುನ್ 8 ಮಾತ್ರೆಯಲ್ಲಿ ಮುಗಿಯುತ್ತದೆ. ಸರಿಯಾಗಿ ಸಮ್‌ಗೆ (ತಾಳದ ಮೊದಲ ಮಾತ್ರೆಗೆ) ಬಂದು ಸೇರಬೇಕಾದರೆ 9ನೇ ಮಾತ್ರೆಯಿಂದ ಎತ್ತಿಕೊಳ್ಳಬೇಕು.

ಪಲುಸ್ಕರ್ ಪದ್ಧತಿಯ ಚಿಹ್ನೆಗಳೇ ಬೇರೆ. ಅದರಲ್ಲಿ ಸಮ್‌ಗೆ 1, ಖಾಲಿಗೆ ಕೂಡಿಸುವ ಗುರುತು. ಗುರುಗಳು ಹೇಳಿಕೊಟ್ಟ ಒಂದನ್ನೇ ಬರೆಯಿರಿ, ಎರಡನ್ನೂ ಬೆರೆಸಬೇಡಿ. ಕರ್ನಾಟಕ ಸಂಗೀತದಲ್ಲಿ ಸೊನ್ನೆ ಹಾಕಿದರೆ ಅದು ಎರಡಕ್ಷರದ ದ್ರುತ. ಆದಿತಾಳ ಅಂದರೆ ನಾಲ್ಕಕ್ಷರದ ಒಂದು ಲಘು, ಎರಡು ದ್ರುತ, ಒಟ್ಟು 8. ಅಕ್ಕನ ನೋಟ್‌ಬುಕ್ ನೋಡಿ ತಮ್ಮ ಬರೆದುಕೊಂಡರೆ ಎಡವಟ್ಟಾಗುವುದು ಇಲ್ಲೇ.

ರಾಗಗಳನ್ನು ಜೋಡಿಯಾಗಿ ಓದಿ

ರಾಗದ ವಿವರಗಳನ್ನು ಸುಮ್ನೆ ಉರು ಹೊಡೆದರೆ ಪರೀಕ್ಷೆಯ ದಿನ ಒಂದರ ವಾದಿ (ರಾಗದ ಮುಖ್ಯ ಸ್ವರ) ಇನ್ನೊಂದಕ್ಕೆ ಹೋಗಿ ಕೂರುತ್ತದೆ. ಎರಡನ್ನು ಪಕ್ಕಪಕ್ಕದಲ್ಲಿಟ್ಟು ಹಾಡಿ ನೋಡಿ. ಭೂಪ್ ಮತ್ತು ದೇಶ್‌ಕಾರ್ ಎರಡರಲ್ಲೂ ಸ ರಿ ಗ ಪ ಧ ಐದೇ ಸ್ವರ. ಭೂಪ್ ಗಾಂಧಾರದಲ್ಲಿ ನಿಂತು ಉಸಿರಾಡುತ್ತದೆ, ದೇಶ್‌ಕಾರ್ ಧೈವತದಲ್ಲಿ. ಭೂಪ್ ರಾತ್ರಿಯ ಮೊದಲ ಪ್ರಹರದ್ದು, ದೇಶ್‌ಕಾರ್ ಬೆಳಗಿನದು. ಎರಡನ್ನೂ ಐದೈದು ನಿಮಿಷ ಹಾಡಿದ ಮಗುವಿಗೆ ‘ವಾದಿ ಸ್ವರ ಎಂದರೇನು?’ ಅನ್ನುವ ಪ್ರಶ್ನೆಗೆ ಪುಸ್ತಕ ಬೇಕಾಗುವುದಿಲ್ಲ.

ಸಂಗೀತಗಾರರ ಪರಿಚಯ ಬರೆಯುವಾಗ ‘ಮಹಾನ್ ಕಲಾವಿದರು’ ಅಂತ ಪುಟ ತುಂಬಿಸಬೇಡಿ. ಹುಟ್ಟಿದ ಊರು, ಗುರುಗಳು, ಮಾಡಿದ ಕೆಲಸ, ಕಾಲ, ಈ ನಾಲ್ಕು ಇರಲಿ. ಪಂಚಾಕ್ಷರ ಗವಾಯಿಗಳು (1892–1944), ಪುಟ್ಟರಾಜ ಗವಾಯಿಗಳು (1914–2010) ನಮ್ಮ ಸೀಮೆಗೆ ತೀರಾ ಹತ್ತಿರದವರು. ದಾವಣಗೆರೆಯಲ್ಲೇ ಬಾಡಾ ಕ್ರಾಸ್ ಹತ್ತಿರ ಅವರ ಪರಂಪರೆಯ ವೀರೇಶ್ವರ ಪುಣ್ಯಾಶ್ರಮ ಇದೆ. ಮಕ್ಕಳನ್ನು ಒಂದು ಸಲ ಕರೆದುಕೊಂಡು ಹೋಗಿ ಬನ್ನಿ. ನೋಡಿ ಬಂದದ್ದನ್ನು ಬರೆಯುವುದು ಸುಲಭ.

ಕೊನೆಯ ತಿಂಗಳು

ಹೊಸ ರಾಗ ಶುರು ಮಾಡಬೇಡಿ. ವಾರಕ್ಕೊಮ್ಮೆ ಗಡಿಯಾರ ಇಟ್ಟು ಹಳೆಯ ಪ್ರಶ್ನೆಪತ್ರಿಕೆ ಬರೆಸಿ. ಮನೆಗೆ ಬಂದ ಚಿಕ್ಕಪ್ಪ, ಅತ್ತೆ, ಪಕ್ಕದ ಮನೆಯ ಅಜ್ಜಿ, ಯಾರಾದರೂ ಸರಿ, ಅವರ ಮುಂದೆ ಕೂರಿಸಿ ಹಾಡಿಸಿ. ಗುರುಗಳ ಮುಂದೆ ಮಾತ್ರ ಹಾಡಿ ರೂಢಿಯಾದ ಮಗುವಿಗೆ ಅಪರಿಚಿತ ಪರೀಕ್ಷಕರ ಮುಂದೆ ಬಾಯಿ ಒಣಗುತ್ತದೆ.

ಪ್ರಾಕ್ಟಿಕಲ್ ದಿನ ಬೇರೆ ಊರಿಗೆ ಹೋಗಬೇಕಿದ್ದರೆ ಬೇಗ ಹೊರಡಿ. ಬಸ್ಸಿನಲ್ಲಿ ಹಾಡಿಸಬೇಡಿ, ಗಂಟಲು ಕೂರುತ್ತದೆ. ಬಿಸಿನೀರು ಜೊತೆಗಿರಲಿ. ಒಳಗೆ ಹೋದ ಕೂಡಲೇ ಹಾಡು ಎತ್ತಬಾರದು ಅಂತ ಮಗುವಿಗೆ ಹೇಳಿಕೊಡಿ. ತನ್ನ ಶ್ರುತಿ ಯಾವುದು ಅಂತ ಹೇಳಿ, ತಂಬೂರಿ ಕೂಡಿದ ಮೇಲೆ ಒಂದು ದೀರ್ಘ ಸಾ ಹಾಡಿ, ನಂತರ ಆಲಾಪಕ್ಕೆ ಹೋಗಲಿ. ನಡುವೆ ಪರೀಕ್ಷಕರು ‘ಸಾಕು’ ಅಂದರೆ ತಪ್ಪಾಯಿತೇನೋ ಅಂತ ಗಾಬರಿಯಾಗುವುದು ಬೇಡ. ಹೊರಗೆ ಸಾಲಿನಲ್ಲಿ ಇನ್ನೂ ಮಕ್ಕಳು ಕಾಯುತ್ತಿರುತ್ತಾರೆ, ಅಷ್ಟೇ.