ಕೇರಳದ ಯಹೂದಿ ಮ್ಯೂಸಿಯಂ ನೋಡೋಕೆ ಹೊರಟರೆ: ಶನಿವಾರ ಪರವೂರು, ಭಾನುವಾರ ಮಟ್ಟಾಂಚೇರಿ

ಕೊಚ್ಚಿಯ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ, ನೋಡಬೇಕು ಅಂತ ಹೊರಡುವವರು ಟಿಕೆಟ್ ಬುಕ್ ಮಾಡುವ ಮೊದಲು ವಾರ ನೋಡಿಕೊಳ್ಳಿ. ಮಟ್ಟಾಂಚೇರಿಯ ಪರದೇಶಿ ಸಿನಗಾಗ್ ಶನಿವಾರ ಮುಚ್ಚಿರುತ್ತದೆ, ಅದು ಯಹೂದಿಗಳ ಸಬ್ಬತ್, ವಾರದ ವಿಶ್ರಾಂತಿಯ ದಿನ. ಸಬ್ಬತ್ ಶುರುವಾಗುವುದು ಶುಕ್ರವಾರ ಸೂರ್ಯ ಮುಳುಗುವ ಹೊತ್ತಿಗೇ, ಹಾಗಾಗಿ ಶುಕ್ರವಾರವನ್ನೂ ನಂಬಿಕೊಂಡು ಹೋಗಬೇಡಿ. ಅದರ ಪಕ್ಕದ ಡಚ್ ಅರಮನೆಗೆ ಶುಕ್ರವಾರವೇ ರಜೆ. ಇನ್ನು ಉತ್ತರ ಪರವೂರು ಮತ್ತು ಚೇಂದಮಂಗಲಂನಲ್ಲಿರುವ ಎರಡು ಯಹೂದಿ ಮ್ಯೂಸಿಯಂಗಳು ಹಳೇ ಬಂದರು ಮುಜಿರಿಸ್ ಸುತ್ತಲಿನ ಪರಂಪರೆ ಉಳಿಸುವ ಸರ್ಕಾರದ ಮುಜಿರಿಸ್ ಯೋಜನೆಯವು, ಅವಕ್ಕೆ ಸೋಮವಾರ ರಜೆ. ಇಷ್ಟನ್ನೂ ಒಂದು ಕಾಗದದಲ್ಲಿ ಬರೆದುಕೊಂಡರೆ ಬೆಂಗಳೂರಿನಿಂದ ವೀಕೆಂಡ್‌ಗೆ ಹೋಗುವವರಿಗೆ ಉಳಿಯುವುದು ಒಂದೇ ಕ್ರಮ. ಶನಿವಾರ ಪರವೂರು, ಚೇಂದಮಂಗಲಂ. ಭಾನುವಾರ ಮಟ್ಟಾಂಚೇರಿ. ನಾವು ಹಾಗೇ ಮಾಡಿದೆವು.

ಇನ್ನೊಂದು ವಿಷಯ. ನಮಗೆ ದಸರಾ ರಜೆ ಸಿಗುವ ಸೆಪ್ಟೆಂಬರ್-ಅಕ್ಟೋಬರ್‌ನಲ್ಲೇ ಯಹೂದಿಗಳ ಹೊಸ ವರ್ಷ, ಯೋಮ್ ಕಿಪ್ಪುರ್, ಸುಕ್ಕೋತ್ ಎಲ್ಲ ಒಂದರ ಹಿಂದೆ ಒಂದು ಬರುತ್ತವೆ. ಅವರ ಪಂಚಾಂಗವೂ ಚಂದ್ರನ ಲೆಕ್ಕದ್ದೇ ಆದ್ದರಿಂದ ತಾರೀಕು ಪ್ರತಿ ವರ್ಷ ಬದಲಾಗುತ್ತದೆ. ಹಬ್ಬದ ದಿನ ಪರದೇಶಿ ಸಿನಗಾಗ್ ತೆರೆಯುವುದಿಲ್ಲ. ನಾವು ಜನವರಿಯಲ್ಲಿ ಹೋಗಿದ್ದಕ್ಕೆ ಇದೂ ಒಂದು ಕಾರಣ. ಸೆಖೆ ಕಡಿಮೆ ಅನ್ನುವುದು ಇನ್ನೊಂದು ಕಾರಣ, ನಮ್ಮ ಜೊತೆ ಅತ್ತೆ ಬೇರೆ ಇದ್ದರು.

ಇದರಲ್ಲಿ ನನಗ್ಯಾಕೆ ಇಷ್ಟು ಆಸಕ್ತಿ ಅಂತ ಮನೆಯಲ್ಲೂ ಕೇಳಿದರು. ನಾನು ಮಂಗಳೂರಿನವಳು. ಹನ್ನೆರಡನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಅನ್ನುವ ಟ್ಯುನೀಶಿಯಾದ ಯಹೂದಿ ವ್ಯಾಪಾರಿ ನಮ್ಮ ಮಂಗಳೂರಿನಲ್ಲಿ ವರ್ಷಗಟ್ಟಲೆ ಇದ್ದ. ಕಾಳುಮೆಣಸು, ಅಡಿಕೆ ಕಳಿಸುತ್ತಿದ್ದ, ಲೋಹದ ಪಾತ್ರೆ ಮಾಡಿಸುವ ಕಾರ್ಖಾನೆ ಇಟ್ಟಿದ್ದ. ಆಶು ಅನ್ನುವ ದಾಸಿಯನ್ನು 1132ರಲ್ಲಿ ಬಿಡುಗಡೆ ಮಾಡಿದ, ಅವನ ಮಕ್ಕಳ ತಾಯಿ ಅವಳೇ ಅಂತ ವಿದ್ವಾಂಸರು ಹೇಳುತ್ತಾರೆ. ಇದೆಲ್ಲ ಗೊತ್ತಾಗಿದ್ದು ಕೈರೋದ ಹಳೇ ಸಿನಗಾಗ್ ಒಂದರ ಉಗ್ರಾಣದಲ್ಲಿ ಸಿಕ್ಕಿದ ಪತ್ರಗಳಿಂದ. ಆದರೆ ಆ ಕಥೆ ಉಳಿದಿರುವುದು ಕಾಗದದಲ್ಲಿ. ಈ ಕರಾವಳಿಯ ಯಹೂದಿಗಳ ಕಟ್ಟಡಗಳನ್ನು ಕಣ್ಣಾರೆ ನೋಡಬೇಕು ಅಂದರೆ ಕೇರಳಕ್ಕೆ ಹೋಗಬೇಕು.

ಜಾಸ್ತಿ ಜನ ಎರ್ನಾಕುಳಂನಲ್ಲಿ ಇಳಿದು ಮತ್ತೆ ಉತ್ತರಕ್ಕೆ ವಾಪಸ್ ಬರುತ್ತಾರೆ. ಬೇಡ. ಬೆಂಗಳೂರಿನಿಂದ ರಾತ್ರಿ ಹೊರಡುವ ಕನ್ಯಾಕುಮಾರಿ ಎಕ್ಸ್‌ಪ್ರೆಸ್‌ನಲ್ಲಿ ಬೆಳಿಗ್ಗೆ ಆಲುವಾದಲ್ಲೇ ಇಳಿಯಿರಿ. ಅಲ್ಲಿಂದ ಪರವೂರಿಗೆ ಸುಮಾರು 16 ಕಿಲೋಮೀಟರ್, ಬಸ್ಸು ಬೇಕಾದಷ್ಟಿವೆ. ರೈಲ್ವೆ ಆ್ಯಪ್‌ನಲ್ಲಿ ಪರವೂರ್ ಅಂತ ಹೊಡೆದರೆ ಒಂದು ಸ್ಟೇಷನ್ ಬರುತ್ತದೆ ನೋಡಿ, ಅದು ಕೊಲ್ಲಂ ಹತ್ತಿರದ್ದು, ನೂರು ಕಿಲೋಮೀಟರಿಗೂ ಜಾಸ್ತಿ ದೂರ. ಉತ್ತರ ಪರವೂರಿಗೆ ರೈಲೇ ಇಲ್ಲ. ಊರಿಗೆ ಬಂದ ಮೇಲೆ ಆಟೋದವರಿಗೆ ‘ಜೂತಪ್ಪಳ್ಳಿ’ (ಮಲಯಾಳಂನಲ್ಲಿ ಸಿನಗಾಗ್) ಅಂದರೆ ಸಾಕು, ಮ್ಯೂಸಿಯಂ ಅಂದರೆ ಬೇರೆ ಕಡೆಗೂ ಕರೆದುಕೊಂಡು ಹೋದಾರು, ಆ ಸುತ್ತಲಲ್ಲಿ ಮ್ಯೂಸಿಯಂಗಳು ಸುಮಾರಿವೆ.

ಪರವೂರಿನ ಸಿನಗಾಗ್ ಈಗ ಕೇರಳ ಯಹೂದಿಗಳ ಇತಿಹಾಸದ ಮ್ಯೂಸಿಯಂ. ಕಟ್ಟಡ ಹದಿನೇಳನೇ ಶತಮಾನದ್ದು. ಬೀದಿಗೆ ಮುಖ ಮಾಡಿ ಎರಡಂತಸ್ತಿನ ಪಡಿಪ್ಪುರ, ಅಂದರೆ ಹೆಬ್ಬಾಗಿಲಿನ ಕಟ್ಟಡ, ಅದನ್ನು ದಾಟಿದರೆ ಕಂಬಗಳ ಉದ್ದನೆಯ ಹಜಾರ, ಆಮೇಲೆ ಪ್ರಾರ್ಥನೆಯ ಕೋಣೆ. ಹಂಚಿನ ಮಾಡು, ಮರದ ಜಂತಿ, ಸುಣ್ಣದ ಗೋಡೆ ನೋಡಿದರೆ ಕೇರಳದ ಯಾವುದೋ ತರವಾಡು ಮನೆಗೆ ಬಂದ ಹಾಗೆ. ಅತ್ತೆ ಒಳಗೆ ಬಂದವರೇ ಸುತ್ತ ಕಣ್ಣಾಡಿಸಿ, “ದೇವರು ಎಲ್ಲಮ್ಮ ಇರೋದು?” ಅಂದರು. “ವಿಗ್ರಹ ಇರಲ್ಲ ಅತ್ತೆ, ಆ ಕಪಾಟಿನ ಥರ ಇದೆಯಲ್ಲ, ಅದರಲ್ಲಿ ಅವರ ಗ್ರಂಥದ ಸುರುಳಿ ಇಡ್ತಿದ್ರು” ಅಂದೆ. “ಹಂಗಾದ್ರೆ ಕಪಾಟಿಗೇ ಕೈ ಮುಗೀಬೇಕಾ?” ಅಂತ ನಕ್ಕರು. ಆದರೆ ಆಮೇಲೆ ಒಂದೊಂದು ಫಲಕದ ಮುಂದೆಯೂ ನಿಲ್ಲಿಸಿ ನನ್ನಿಂದ ಓದಿಸಿದ್ದು ಅವರೇ.

ಆ ಕಪಾಟಿನ ಹೆಸರು ಹೇಖಾಲ್. ಜೆರುಸಲೇಂ ನಮಗೆ ಪಶ್ಚಿಮಕ್ಕಿರುವುದರಿಂದ ಅದು ಪಶ್ಚಿಮದ ಗೋಡೆಗಿರುತ್ತದೆ. ಪರವೂರಿನಲ್ಲಿ ಈಗ ಕಾಣುವುದು ಮೂಲದ್ದಲ್ಲ, ಪ್ರತಿಕೃತಿ. ಮೂಲದ್ದನ್ನು 1990ರ ದಶಕದಲ್ಲಿ ಇಸ್ರೇಲ್‌ಗೆ ಒಯ್ದರು. ಇದನ್ನು ಮೊದಲೇ ತಿಳಿದು ಹೋದರೆ ಒಳ್ಳೆಯದು, ಯಾಕೆಂದರೆ ಚೇಂದಮಂಗಲಂನ ಹಳೇ ಮರದ ಕೆತ್ತನೆಯನ್ನು ಆಮೇಲೆ ನೋಡುವಾಗ ಎರಡಕ್ಕೂ ಇರುವ ವ್ಯತ್ಯಾಸ ತಟ್ಟನೆ ಹೊಳೆಯುತ್ತದೆ.

ನೀವು ಬಿಡದೆ ಗಮನಿಸಬೇಕಾದ್ದು ಓದುವ ವೇದಿಕೆಗಳನ್ನು. ಬೇರೆ ದೇಶದ ಸಿನಗಾಗ್‌ಗಳಲ್ಲಿ ಗ್ರಂಥ ಓದುವ ವೇದಿಕೆ ಒಂದೇ. ಕೇರಳದಲ್ಲಿ ಎರಡು. ಒಂದು ಕೆಳಗೆ ನಡುವಿನಲ್ಲಿ, ಇನ್ನೊಂದು ಮಹಡಿಯ ಮೇಲೆ, ಹೆಂಗಸರು ಕೂರುವ ಜಾಗಕ್ಕೆ ಅಂಟಿಕೊಂಡಂತೆ. ಸಬ್ಬತ್‌ಗೆ, ಹಬ್ಬಕ್ಕೆ ಮೇಲಿನದ್ದನ್ನು ಬಳಸುತ್ತಿದ್ದರು, ಅಂದರೆ ಜಾಲರಿಯ ಆ ಕಡೆ ಕೂತ ಹೆಂಗಸರಿಗೆ ಓದು ಕೈಗೆಟಕುವಷ್ಟು ಹತ್ತಿರದಲ್ಲಿ ನಡೆಯುತ್ತಿತ್ತು. ಇದರ ಜೊತೆಗೇ ಹೇಳಬೇಕು: ಈ ಹೆಂಗಸರು ಮಲಯಾಳಂನಲ್ಲಿ ಹಾಡುತ್ತಿದ್ದರು, ಮದುವೆಯ ಹಾಡು, ಬೈಬಲ್ ಕಥೆಯ ಹಾಡು, ತಮ್ಮ ಸಿನಗಾಗ್‌ನ ಹಾಡು, ಎಲ್ಲವನ್ನೂ ಕೈಬರಹದ ನೋಟ್‌ಬುಕ್‌ಗಳಲ್ಲಿ ಬರೆದಿಟ್ಟುಕೊಂಡು ಮಗಳಿಗೆ, ಸೊಸೆಗೆ ಕೊಡುತ್ತಾ ಬಂದರು, ಇಸ್ರೇಲ್‌ಗೆ ಹೋಗುವಾಗ ಆ ಪುಸ್ತಕಗಳೂ ಜೊತೆಗೆ ಹೋದವು. ಈ ಹಾಡುಗಳ ರೆಕಾರ್ಡಿಂಗ್ ಇಂಟರ್‌ನೆಟ್‌ನಲ್ಲಿ ಸಿಗುತ್ತವೆ. ರೈಲಿನಲ್ಲೇ ಕೇಳಿಕೊಂಡು ಹೋಗಿ. ಮಹಡಿ ಮೆಟ್ಟಿಲು ಕಡಿದಾದ ಮರದ್ದು, ಮಂಡಿ ನೋವಿರುವವರು ಕೆಳಗಿಂದಲೇ ನೋಡಿದರೂ ಅರ್ಥವಾಗುತ್ತದೆ.

ಚೇಂದಮಂಗಲಂ ಅಲ್ಲಿಂದ ನಾಲ್ಕೈದು ಕಿಲೋಮೀಟರ್. ಆಟೋ ಸಾಕು. ಮುಜಿರಿಸ್ ದೋಣಿಯಲ್ಲೂ ಹೋಗಬಹುದು, ಆದರೆ ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ. ಇಲ್ಲಿನ ಸಿನಗಾಗ್ ಚಿಕ್ಕದು, ಜನ ಕಡಿಮೆ, ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ಇದೇ. ಅಂಗಳದಲ್ಲಿ ಒಂದು ಸಮಾಧಿ ಕಲ್ಲಿದೆ. ಸಾರಾ ಬತ್ ಇಸ್ರಾಯೇಲ್, ಅಂದರೆ ಇಸ್ರಾಯೇಲನ ಮಗಳು ಸಾರಾ. ಅವಳು ತೀರಿಕೊಂಡಿದ್ದು 1269ರಲ್ಲಿ. ಭಾರತದಲ್ಲಿ ಸಿಕ್ಕಿರುವ ಅತಿ ಹಳೆಯ ಹೀಬ್ರೂ ಶಾಸನಗಳಲ್ಲಿ ಇದು ಮುಖ್ಯವಾದದ್ದು. ಸುಮ್ನೆ ದಾಟಿಕೊಂಡು ಒಳಗೆ ಹೋಗಿಬಿಡುವವರೇ ಜಾಸ್ತಿ, ನೀವು ನಿಂತು ನೋಡಿ. ಒಳಗಿರುವ ಪ್ರದರ್ಶನ ಯಹೂದಿಗಳ ದಿನನಿತ್ಯದ ಬದುಕಿನ ಬಗ್ಗೆ. ಅದೇ ಊರಿನಲ್ಲಿ ಕೊಚ್ಚಿ ರಾಜರ ಮಂತ್ರಿಗಳಾಗಿದ್ದ ಪಾಲಿಯತ್ತಚ್ಚನ್ನರ ಮನೆ ಇದೆ, ದೇವಸ್ಥಾನ, ಇಗರ್ಜಿ, ಮಸೀದಿಯೂ ನಡೆದು ಹೋಗುವಷ್ಟು ದೂರದಲ್ಲೇ ಇವೆ. ಕೈಮಗ್ಗದ ಸೀರೆ, ಮುಂಡು ಇಲ್ಲಿನ ಹೆಸರುವಾಸಿ ವಸ್ತು. 2018ರ ಪ್ರವಾಹದಲ್ಲಿ ಹಾಳಾದ ಬಟ್ಟೆಯಿಂದ ‘ಚೇಕುಟ್ಟಿ’ ಗೊಂಬೆ ಮಾಡಿದ್ದು ಈ ನೇಕಾರರ ಸಲುವಾಗಿಯೇ. ಅತ್ತೆ ಎರಡು ಸೆಟ್ ಮುಂಡು ತಗೊಂಡರು, ನಮ್ಮ ಪ್ಲಾನ್‌ನಲ್ಲಿ ಇದಕ್ಕೆ ಟೈಮೇ ಇಟ್ಟಿರಲಿಲ್ಲ, ನೀವು ಒಂದು ಗಂಟೆ ಇಟ್ಟುಕೊಳ್ಳಿ.

ಪರವೂರಿನಿಂದ ಎರ್ನಾಕುಳಂಗೆ ನೇರ ಬಸ್ಸಿದೆ. ರಾತ್ರಿ ಅಲ್ಲೇ ಉಳಿದು ಭಾನುವಾರ ಬೆಳಿಗ್ಗೆ ಹೈಕೋರ್ಟ್ ಜೆಟ್ಟಿಯಿಂದ ವಾಟರ್ ಮೆಟ್ರೋದಲ್ಲಿ ಫೋರ್ಟ್ ಕೊಚ್ಚಿಗೆ ಹೋದೆವು, ಅಲ್ಲಿಂದ ಆಟೋದಲ್ಲಿ ಮಟ್ಟಾಂಚೇರಿ. ಪರದೇಶಿ ಸಿನಗಾಗ್ ಬೆಳಿಗ್ಗೆ ತೆರೆದು ಮಧ್ಯಾಹ್ನ ಊಟದ ಹೊತ್ತಿಗೆ ಮುಚ್ಚಿ ಮತ್ತೆ ಸಂಜೆ ತನಕ ತೆರೆಯುತ್ತದೆ, ಆದ್ದರಿಂದ ಬೆಳಿಗ್ಗೆಯೇ ಮುಗಿಸಿ. ಚಪ್ಪಲಿ ಹೊರಗೆ ಬಿಡಬೇಕು, ಇದು ಕೇರಳದ ಯಹೂದಿಗಳ ಹಳೇ ಪದ್ಧತಿಯೇ ಹೌದು. ಭುಜ, ಮಂಡಿ ಮುಚ್ಚುವ ಬಟ್ಟೆ ಹಾಕಿಕೊಳ್ಳಿ.

ಇದನ್ನು 1568ರಲ್ಲಿ ಕಟ್ಟಿದರು, ಕೊಚ್ಚಿ ರಾಜ ತನ್ನ ಅರಮನೆಯ ಪಕ್ಕದಲ್ಲೇ ಜಾಗ ಕೊಟ್ಟ. ನೆಲದ ತುಂಬಾ ಚೀನಾದಿಂದ ಬಂದ ನೀಲಿ-ಬಿಳಿ ಟೈಲ್ಸ್, ಎಲ್ಲವೂ ಕೈಯಲ್ಲೇ ಚಿತ್ರ ಬರೆದವು. ಮೇಲೆ ಗಾಜಿನ ದೀಪಗಳು. ಗಡಿಯಾರದ ಗೋಪುರ 1760ರ ಸುಮಾರಿನದ್ದು. ಚೆಂದವೇ. ಆದರೆ ಭಾನುವಾರ ಜನಜಂಗುಳಿ, ವಿವರಣೆಯ ಫಲಕ ಕಡಿಮೆ. ನಮ್ಮ ಮುಂದಿದ್ದ ಗುಂಪು ಟೈಲ್ಸ್ ನೋಡಿ ಹತ್ತೇ ನಿಮಿಷದಲ್ಲಿ ಹೊರಟಿತು. ಅವರ ತಪ್ಪಲ್ಲ, ಏನು ನೋಡಬೇಕು ಅಂತ ಹೇಳುವವರು ಅಲ್ಲಿಲ್ಲ. ಹಿಂದಿನ ದಿನ ಪರವೂರು ನೋಡಿದ್ದರಿಂದ ಮೇಲಿನ ವೇದಿಕೆ ಎಲ್ಲಿ ಅಂತ ಅತ್ತೆಯೇ ನನಗೆ ತೋರಿಸಿದರು! ಅದಕ್ಕೇ ನಾನು ಹೇಳುವುದು, ಮಟ್ಟಾಂಚೇರಿಯನ್ನು ಕೊನೆಗಿಡಿ, ಸಬ್ಬತ್ ಇಲ್ಲದಿದ್ದರೂ ಹಾಗೇ ಮಾಡಿ. ಟಿಕೆಟ್ ಕೌಂಟರ್ ಹತ್ತಿರದ ಕೋಣೆಯ ವರ್ಣಚಿತ್ರಗಳನ್ನೂ ಬಿಡಬೇಡಿ. 1968ರಲ್ಲಿ ಸಿನಗಾಗ್‌ಗೆ 400 ವರ್ಷ ತುಂಬಿದಾಗ ಮಾಡಿಸಿದ್ದು. ಆ ಸಮಾರಂಭಕ್ಕೆ ಇಂದಿರಾ ಗಾಂಧಿ ಬಂದಿದ್ದರು, ಅಂಚೆ ಚೀಟಿಯೂ ಬಂತು. ಯಹೂದಿ ಮುಖಂಡ ಜೋಸೆಫ್ ರಬ್ಬಾನ್‌ಗೆ ಸುಮಾರು ಸಾವಿರ ವರ್ಷದ ಹಿಂದೆ ಚೇರ ದೊರೆ ಭಾಸ್ಕರ ರವಿವರ್ಮ ಕೊಟ್ಟ ತಾಮ್ರಪಟದ ಕಥೆಯೂ ಆ ಚಿತ್ರಗಳಲ್ಲಿದೆ.

ಅಲ್ಲಿ ಯಾರೂ ಜಾಸ್ತಿ ಹೇಳದ ಒಂದು ಕಥೆ ಇದೆ. ಈ ಸಿನಗಾಗ್‌ನಲ್ಲೂ ಬಣ್ಣದ ಭೇದ ಇತ್ತು. ಬಿಡುಗಡೆಯಾದ ದಾಸರ ವಂಶದವರು ಒಳಗೆ ಸರಿಸಮವಾಗಿ ಕೂರುವಂತಿರಲಿಲ್ಲ. ಆ ವಂಶದ ವಕೀಲ ಎ. ಬಿ. ಸೇಲಂ ಇದರ ವಿರುದ್ಧ ಗಾಂಧೀಜಿಯ ದಾರಿಯಲ್ಲಿ ಸತ್ಯಾಗ್ರಹ ಮಾಡಿದರು, ‘ಯಹೂದಿ ಗಾಂಧಿ’ ಅಂತಲೇ ಹೆಸರಾಯಿತು, ನಿಧಾನಕ್ಕೆ ಆ ಕಟ್ಟುಪಾಡು ಸಡಿಲವಾಯಿತು. ಯಹೂದಿ ಬೀದಿಗೆ ಈಗ ಅವರದೇ ಹೆಸರು. ಮಸಾಲೆ ಅಂಗಡಿ ನಡುವೆ ಆ ಬೋರ್ಡ್ ಹುಡುಕಿ. ಕೇರಳದ ಯಹೂದಿಗಳು ಯಾರಿಗೂ ಹೆದರಿ ಓಡಿಹೋದವರಲ್ಲ ಅನ್ನುವುದೂ ನೆನಪಿರಲಿ. 1950ರ ದಶಕದಲ್ಲಿ ಹೆಚ್ಚಿನವರು ಇಸ್ರೇಲ್‌ಗೆ ಹೋದರು, ನೆವಾತಿಂ ಅನ್ನುವ ಮರುಭೂಮಿಯ ಹಳ್ಳಿಯಂಥ ಕಡೆ ನೆಲೆಸಿ ವ್ಯವಸಾಯ ಮಾಡಿದರು. ನೆವಾತಿಂನಲ್ಲೂ ಅವರದೇ ಒಂದು ಮ್ಯೂಸಿಯಂ ಇದೆ.

ಡಚ್ ಅರಮನೆಗೆ ಭಾನುವಾರ ರಜೆ ಇಲ್ಲ. ಅಲ್ಲಿನ ರಾಮಾಯಣದ ಭಿತ್ತಿಚಿತ್ರಗಳಿಗೆ ಒಂದು ಗಂಟೆ ಕೊಟ್ಟು, ಮೀನೂಟ ಮುಗಿಸಿ ಸ್ಟೇಷನ್‌ಗೆ ಹೊರಟರೆ ರಾತ್ರಿ ರೈಲಿಗೆ ಆರಾಮಾಗಿ ಸಿಗುತ್ತೀರಿ. ಸಂಜೆ ಹೊತ್ತು ತೋಪ್ಪುಂಪಡಿ ಕಡೆ ಟ್ರಾಫಿಕ್ ಜಾಸ್ತಿ, ರಸ್ತೆ ಬಿಟ್ಟು ದೋಣಿಯಲ್ಲೇ ವಾಪಸ್ ಬನ್ನಿ.