ಡಮ್ಮಿ ಮಾಡಿದ ಮೇಲೆ ಮ್ಯಾಗಜೀನ್ ಅರ್ಥವಾಯಿತು

ಪತ್ರಿಕೋದ್ಯಮ ಓದುವಾಗ ನಮಗೊಂದು ಪ್ರಾಜೆಕ್ಟ್ ಇತ್ತು. ತಂಡ ಕಟ್ಟಿಕೊಂಡು 32 ಪುಟದ ಮ್ಯಾಗಜೀನ್ ತರಬೇಕು. ವರದಿ, ಎಡಿಟಿಂಗ್, ಲೇಔಟ್, ಪ್ರೆಸ್ಸಿಗೆ ಫೈಲ್ ಕೊಡುವುದು ಎಲ್ಲ ನಮ್ಮದೇ. ಪುಟಗಳ ಉಸ್ತುವಾರಿ ನನ್ನ ಪಾಲಿಗೆ ಬಂತು. ಬರೆಯೋಕೆ ಎಲ್ಲರೂ ಮುಂದೆ ಬಂದಿದ್ದರು, ಇದಕ್ಕೆ ಯಾರೂ ಕೈ ಎತ್ತಿರಲಿಲ್ಲ, ಅಷ್ಟೇ.

ಮೊದಲು ಮಾಡಿದ್ದು ಕಾಗದದ ಡಮ್ಮಿ, ಅಂದರೆ ಮ್ಯಾಗಜೀನಿನ ಖಾಲಿ ಮಾದರಿ. 8 ಹಾಳೆ ಒಟ್ಟಿಗೆ ಮಡಚಿ, ಮಧ್ಯೆ ಪಿನ್ ಹೊಡೆದು, ಪೆನ್ಸಿಲ್‌ನಲ್ಲಿ 1ರಿಂದ 32ರವರೆಗೆ ನಂಬರ್ ಹಾಕಿದೆ. ಆಮೇಲೆ ಪಿನ್ ಬಿಚ್ಚಿ ಹಾಳೆ ಹರಡಿ ನೋಡಿದರೆ 2ನೇ ಪುಟದ ಪಕ್ಕ 31, 10ರ ಪಕ್ಕ 23. ಯಾವ ಜೋಡಿ ಕೂಡಿಸಿದರೂ 33. ಹಾಳೆಗೆ 4 ಪುಟ ಆಗುವುದರಿಂದ ಸೆಂಟರ್ ಪಿನ್ ಹೊಡೆದ ಮ್ಯಾಗಜೀನಿನಲ್ಲಿ 34 ಪುಟ ಅನ್ನುವ ಲೆಕ್ಕವೇ ಇಲ್ಲ. ‘ಇನ್ನೆರಡು ಪುಟ ಸೇರಿಸೋಣ’ ಅಂದವರ ಕೈಗೆ ಸುಮ್ನೆ ಡಮ್ಮಿ ಕೊಡುತ್ತಿದ್ದೆ.

ಮುಖ್ಯ ಲೇಖನ 10–11ರಲ್ಲಿತ್ತು. ಲೇಔಟ್ ಮಾಡುತ್ತಿದ್ದ ಗೆಳತಿ ಎರಡೂ ಪುಟ ತುಂಬುವ ಫೋಟೋ ಇಟ್ಟಿದ್ದಳು. ಚೆನ್ನಾಗಿಯೇ ಇತ್ತು, ಆದರೆ ಮುಖ ಸರಿಯಾಗಿ ಮಡಿಕೆಯ ಮೇಲೆ.

‘ಸ್ಕ್ರೀನ್ ಮೇಲೆ ಏನೂ ಗೊತ್ತಾಗಲ್ವಲ್ಲೋ’ ಅಂದಳು.

‘ಈ 10 ಒಂದು ಹಾಳೆ, 11 ಇನ್ನೊಂದು ಹಾಳೆ ಕಣೇ. ಮಡಚುವಾಗ ಚೂರು ಜರುಗಿದರೂ ಮೂಗು ಮುರಿಯುತ್ತೆ.’

ಎದುರುಬದುರು ಪುಟಗಳು ಒಂದೇ ಹಾಳೆಯಲ್ಲಿ ಬರುವುದು ನಟ್ಟನಡುವಿನ 16–17ರಲ್ಲಿ ಮಾತ್ರ. ಫೋಟೋ ಅಲ್ಲಿಗೆ ಹೋಯಿತು, ಅದರ ಹಿಂದೆ ಲೇಖನವೂ. ಸಂಪಾದಕನಾಗಿದ್ದ ಗೆಳೆಯ ಎರಡು ದಿನ ಮುಖ ಊದಿಸಿಕೊಂಡಿದ್ದ.

ಜಾಸ್ತಿ ಜಗಳ ಆಗಿದ್ದು ಬರಹ ಕತ್ತರಿಸುವಾಗ. ಒಂದು ಲೇಖನ ಪುಟ ಮೀರಿ 14 ಸಾಲು ಉಳಿಯಿತು. ಸಾಲುಗಳ ನಡುವಿನ ಜಾಗ ಕಮ್ಮಿ ಮಾಡು ಅಂತ ಬರೆದವನ ಒತ್ತಾಯ. ಕನ್ನಡದಲ್ಲಿ ಹಾಗೆ ಮಾಡಿದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಪ್ರಿಂಟ್ ತೆಗೆದು ತೋರಿಸಿದೆ, ಒಪ್ಪಲಿಲ್ಲ. ಕೊನೆಗೆ ಅವನ ಮೊದಲ ಪ್ಯಾರಾವನ್ನೇ ಪೂರ್ತಿ ತೆಗೆದೆವು. ನನ್ನ ಪ್ರಕಾರ ಲೇಖನ ಶುರುವಾಗುತ್ತಿದ್ದದ್ದೇ ಎರಡನೇ ಪ್ಯಾರಾದಿಂದ.

ಪ್ರೆಸ್ಸಿನ ನಿಯಮಗಳಿಗೆ ಅಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ, ಒಮ್ಮೆ ಬರೆದಿಟ್ಟುಕೊಂಡರೆ ಸಾಕು. ಅಂಚಿಗೆ ತಾಗುವ ಚಿತ್ರಕ್ಕೆ ಸಾಮಾನ್ಯವಾಗಿ 3 ಮಿ.ಮೀ. ಬ್ಲೀಡ್, ಅಂದರೆ ಪುಟ ಕತ್ತರಿಸುವ ಗೆರೆಯಾಚೆಗೂ ಚಿತ್ರ ಅಷ್ಟು ಚಾಚಿರಬೇಕು. ಓದುವ ಅಕ್ಷರ ಬರೀ ಕಪ್ಪು ಶಾಯಿಯಲ್ಲೇ ಇರಬೇಕು. ಅಚ್ಚಿನ ನಾಲ್ಕೂ ಬಣ್ಣ ಸೇರಿ ಕಪ್ಪಾದರೆ, ಯಾವುದೋ ಒಂದು ಬಣ್ಣದ ಅಚ್ಚಿನ ಪ್ಲೇಟ್ ಕೂದಲೆಳೆ ಸರಿದರೂ ಅಕ್ಷರದ ಸುತ್ತ ನೆರಳು ಬೀಳುತ್ತದೆ. ಫೋಟೋಗೆ ಇಂಚಿಗೆ 300 ಪಿಕ್ಸೆಲ್. ಅಂದರೆ 1200 ಪಿಕ್ಸೆಲ್ ಅಗಲದ ಫೋಟೋ ಅಚ್ಚಿನಲ್ಲಿ 4 ಇಂಚು. ಮೊಬೈಲಲ್ಲಿ ಭರ್ಜರಿಯಾಗಿ ಕಂಡ ಎಷ್ಟೋ ಫೋಟೋಗಳು ಇಲ್ಲೇ ಬಿದ್ದುಹೋದವು.

ಮುಖ್ಯ ಲೇಖನ 10ರಿಂದ 16ಕ್ಕೆ ಹೋಗಿತ್ತಲ್ಲ, ಹಾಗಾಗಿ ಮಧ್ಯದ ಎಲ್ಲವೂ ಜರುಗಿದ್ದವು. ಪ್ರೂಫ್ ಬಂದ ದಿನ ಅಕ್ಷರ ತಪ್ಪು ಆಮೇಲೆ ನೋಡೋಣ ಅಂತ ಬದಿಗಿಟ್ಟು, ಮೊದಲು ಪುಟ ಸಂಖ್ಯೆಗೆ ಕೂತೆವು. ಲೇಔಟ್ ಮಾಡಿದ ಗೆಳತಿ ಪರಿವಿಡಿ, ಮುಖಪುಟದ ಸೂಚನೆ, ‘ಮುಂದುವರಿದಿದೆ’ ಸಾಲುಗಳನ್ನು ಗಟ್ಟಿಯಾಗಿ ಓದಿದಳು. ನಾನು ಪುಟ ತಿರುಗಿಸುತ್ತಾ ಟಿಕ್ ಹಾಕಿದೆ. ಅದೇ ಸಂಜೆ ಫೈಲ್ ಪ್ರೆಸ್ಸಿಗೆ ಹೋಯಿತು.